ಬೆಳಿಗ್ಗೆ ಕೈ ನಡುಗುವವರ ಲೆಕ್ಕ

ನಮ್ಮ ಮಾಮಿ ಮಾವನಿಗೆ ಯಾವತ್ತೂ ಅರ್ಧ ಲೋಟವೇ ಚಾ ಕೊಡುದು. ಸಣ್ಣದಿರುವಾಗ ನಂಗೆ ಅದು ಯಾಕಂತ ಗೊತ್ತಿರಲಿಲ್ಲ, ದೊಡ್ಡವಳಾದ ಮೇಲೆ ಒಂದಿನ ಬೆಳಿಗ್ಗೆ ಅವರ ಮನೆಯಲ್ಲಿ ಉಳ್ಕೊಂಡಿದ್ದಾಗ ಕಣ್ಣಾರೆ ನೋಡಿದೆ. ಮಾವ ಸ್ಟೀಲ್ ಲೋಟವನ್ನ ಎರಡೂ ಕೈಯಲ್ಲಿ ಗಟ್ಟಿ ಹಿಡ್ಕೊಂಡು, ಲೋಟವನ್ನ ಬಾಯಿಗೆ ತರುವ ಬದಲು ಬಗ್ಗಿ ಬಾಯಿಯನ್ನೇ ಲೋಟದ ಹತ್ರ ತಗೊಂಡು ಹೋಗಿ ಕುಡೀತಿದ್ರು. ತುಂಬ ಕೊಟ್ಟಿದ್ರೆ ಬಿಸಿ ಚಾ ಮೈಮೇಲೆ ಚೆಲ್ತಿತ್ತು. ಆಮೇಲೆ ಬೋಟು ನಿಲ್ಲುವ ದಕ್ಕೆಗೆ ಹೋಗುವ ದಾರಿಯಲ್ಲಿ ಒಂದು ಪ್ಯಾಕೆಟ್ ಮದ್ಯ ಹೊಟ್ಟೆಗೆ ಇಳಿದ್ರೆ ಅದೇ ಕೈ ಕಲ್ಲಿನ ಹಾಗೆ ನಿಲ್ತಿತ್ತು, ಹರಿದ ಬಲೆ ಹೊಲೀಲಿಕ್ಕೆ ಕೂತ್ರೆ ಒಂದು ಗಂಟೂ ತಪ್ತಿರಲಿಲ್ಲ. ಮಾಮಿಗೆ ಇದು ಹನ್ನೆರಡು ವರ್ಷದಿಂದ ಗೊತ್ತಿತ್ತು. ಕುಡಿತದ ತೊಂದರೆ ಇರುವವರು ಅಂತ ಯಾವ ಆಸ್ಪತ್ರೆಯ ರಿಜಿಸ್ಟರಲ್ಲೂ ಮಾವನ ಹೆಸರಿರಲಿಲ್ಲ.

ಇದನ್ನ ಈಗ ಬರೀಲಿಕ್ಕೆ ಕಾರಣ ಉಂಟು. ಕಳೆದ ಮಳೆಗಾಲದಲ್ಲಿ ನಾವು ನಾಲ್ಕೈದು ಜನ ಸೇರಿ ಪಂಚಾಯತಿಗೆ ಒಂದು ಮನವಿ ಕೊಡುವ ಅಂತ ಹೊರಟಿದ್ವಿ. ನಾನು, ಸ್ತ್ರೀಶಕ್ತಿ ಸಂಘದ ಇಬ್ಬರು ಅಕ್ಕಂದಿರು, ನಮ್ಮ ಆಶಾ ಕಾರ್ಯಕರ್ತೆ, ಮತ್ತೆ ಮಲ್ಪೆ ದಕ್ಕೆಯಲ್ಲಿ ಬೋಟಿಗೆ ಐಸ್ ತುಂಬಿಸುವ ಒಬ್ಬರು ಅಣ್ಣ, ಅವರು ಕುಡಿತ ಬಿಟ್ಟು ಸುಮಾರು ವರ್ಷ ಆಯ್ತು. ಮನವಿ ಅಂದ್ರೆ ಏನಿಲ್ಲ, ನಮ್ಮ ಊರಿಗೆ ಕುಡಿತ, ಗಾಂಜಾ ಬಿಡಿಸುವ ಚಿಕಿತ್ಸೆಯ ವ್ಯವಸ್ಥೆ ಬೇಕು ಅಂತ. ಅಧ್ಯಕ್ಷರು ಒಳ್ಳೆಯವರು, ಕೂತ್ಕೊಳ್ಳಿ ಟೀಚರ್ ಅಂದ್ರು, ಕಾಗದ ಓದಿದ್ರು, ಓದಿ ಒಂದೇ ಪ್ರಶ್ನೆ ಕೇಳಿದ್ರು, "ಎಷ್ಟು ಜನ ಇದ್ದಾರೆ? ಅವ್ರಿಗೆ ಎಂತ ಬೇಕು?" ನಮ್ಮಲ್ಲಿ ಉತ್ತರ ಇರಲಿಲ್ಲ. ಸಿಟ್ಟು ಬಂತು ನಿಜ, ಆದ್ರೆ ಮನೆಗೆ ಬರುವಾಗ ರಿಕ್ಷಾದಲ್ಲಿ ಯೋಚನೆ ಮಾಡಿದ್ರೆ ಅವರು ಕೇಳಿದ್ದು ಸರಿಯೇ ಇತ್ತು.

ಮೊದಲು ನಾನು ಮಾಡಿದ್ದು ಕಾಗದದ ಲೆಕ್ಕ. ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆಗೋಸ್ಕರ ದೆಹಲಿಯ ಏಮ್ಸ್‌ನವರು ಇಡೀ ದೇಶದ ಸರ್ವೇ ಮಾಡಿ 2019ರಲ್ಲಿ ವರದಿ ಕೊಟ್ಟಿದ್ದಾರೆ. 10ರಿಂದ 75 ವರ್ಷದೊಳಗಿನವರಲ್ಲಿ 14.6% ಜನ ಮದ್ಯ ಕುಡಿಯುವವರು, ಒಟ್ಟು ಜನರಲ್ಲಿ 5.2% ಜನರಿಗೆ ಅದರಿಂದ ಸಹಾಯ ಬೇಕಾಗುವಷ್ಟು ತೊಂದರೆ, ಅದರಲ್ಲೂ ಒಟ್ಟು ಜನರ 2.7% ಅದಿಲ್ಲದೆ ಇರ್ಲಿಕ್ಕಾಗದ ಸ್ಥಿತಿಗೆ ಮುಟ್ಟಿದವರು. ಉಡುಪಿ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 11.77 ಲಕ್ಷ. ಸಣ್ಣ ಮಕ್ಕಳನ್ನೂ ತೀರಾ ವಯಸ್ಸಾದವರನ್ನೂ ಬಿಟ್ಟು ಸುಮಾರು 10 ಲಕ್ಷ ಅಂತ ಹಿಡಿದ್ರೆ ತೊಂದರೆಯಲ್ಲಿರುವವರು 50 ಸಾವಿರದಷ್ಟು, ಬಿಡ್ಲಿಕ್ಕಾಗದವರು 27 ಸಾವಿರ. ಆ ಸಂಖ್ಯೆ ನೋಟ್‌ಬುಕ್ಕಲ್ಲಿ ಬರೆದಾಗ ನಂಗೆ ಕೈ ತಣ್ಣಗಾಯ್ತು. ಅದೇ ವರದಿಯಲ್ಲಿ ಇನ್ನೊಂದು ಮಾತುಂಟು, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದ್ರೊಂದು ಚಿಕಿತ್ಸೆ ಸಿಕ್ಕಿದೆ, ಆಸ್ಪತ್ರೆಯಲ್ಲಿ ಮಲಗಿಸಿ ಕೊಟ್ಟ ಚಿಕಿತ್ಸೆ 180 ಜನರಲ್ಲಿ ಒಬ್ಬರಿಗೆ. ನಮ್ಮ ಜಿಲ್ಲೆಗೆ ಹಾಗೇ ಹಾಕಿದ್ರೆ 27 ಸಾವಿರದಲ್ಲಿ ಬೆಡ್ ಸಿಕ್ಕಿದವರು 150.

ಆದ್ರೆ ಇದು ನಮ್ಮ ಊರಿನ ಲೆಕ್ಕ ಅಲ್ಲ, ದೇಶದ ಲೆಕ್ಕವನ್ನ ನಮ್ಮ ಊರಿನ ಅಳತೆಗೆ ಕತ್ತರಿಸಿದ್ದು ಅಷ್ಟೇ. ಕರಾವಳಿಯ ಬೋಟಿನ ಊರೂ ಕಾರ್ಕಳದ ಆಚೆಯ ಘಟ್ಟದ ಬುಡದ ಊರೂ ಒಂದೇ ಅಲ್ಲ. ಮತ್ತೆ ನಮ್ಮ ಜಿಲ್ಲೆಯಲ್ಲಿ ಚಿಕಿತ್ಸೆ ಏನೂ ಇಲ್ಲ ಅಂತಲೂ ಅಲ್ಲ, ಉಡುಪಿಯಲ್ಲಿ ಎ.ವಿ. ಬಾಳಿಗಾ ಆಸ್ಪತ್ರೆಯವರು ಮದ್ಯವ್ಯಸನದ ಶಿಬಿರ ಎಷ್ಟೋ ವರ್ಷದಿಂದ ಮಾಡ್ಕೊಂಡು ಬಂದಿದ್ದಾರೆ, ಅತ್ಲಾಗೆ ಬೆಳ್ತಂಗಡಿಯ ಲಾಯಿಲದಲ್ಲಿ ಧರ್ಮಸ್ಥಳದವರ ವ್ಯಸನಮುಕ್ತಿ ಕೇಂದ್ರ ಉಂಟು, ಮಂಗಳೂರಲ್ಲಿ ವೆನ್ಲಾಕ್ ಆಸ್ಪತ್ರೆ ಉಂಟು, ಮೆಡಿಕಲ್ ಕಾಲೇಜುಗಳಂತೂ ದೇರಳಕಟ್ಟೆಯಿಂದ ಮಣಿಪಾಲದವರೆಗೆ ಸಾಲಾಗಿ ಉಂಟು. ಇಷ್ಟೆಲ್ಲ ಇದ್ದೂ ನಮ್ಮ ಮಾವ ಹನ್ನೆರಡು ವರ್ಷ ಯಾವ ಆಸ್ಪತ್ರೆಯ ಲೆಕ್ಕಕ್ಕೂ ಸಿಗದೆ ಉಳಿದದ್ದು ಹೇಗೆ?

ಹಾಗಾಗಿ ಮನೆಮನೆಗೆ ಹೋಗುವ ಅಂತ ಆಯ್ತು. ಮೊದಲ ವಾರ ಪೂರ್ತಿ ಸೋತ್ವಿ. "ನಿಮ್ಮ ಮನೆಯಲ್ಲಿ ಯಾರಾದ್ರೂ ಕುಡೀತಾರಾ" ಅಂತ ಕೇಳಿದ್ರೆ ಇಲ್ಲ, ಇಲ್ಲಪ್ಪ, ಯಾವಾಗಾದ್ರೂ ಮದುವೆ ಗಿದುವೆಯಲ್ಲಿ ಸ್ವಲ್ಪ, ಅಷ್ಟೇ. ಒಬ್ಬರು ಅಜ್ಜ ಜಗಲಿಯಲ್ಲಿ ಕೂತವರು ನನ್ನನ್ನ ನೇರ ಕೇಳಿದ್ರು, "ಟೀಚರೇ, ಕೊರಗಜ್ಜನಿಗೆ ಕಳಿ ಇಡುದಿಲ್ವಾ ನಾವು? ನೀವು ಅದನ್ನೂ ಬರ್ಕೊಳ್ತೀರಾ?" ನಂಗೆ ಆ ಮಾತು ನಾಟ್ತು. ಈ ಮಣ್ಣಲ್ಲಿ ಕಳಿಗೆ, ಅಂದ್ರೆ ಶೇಂದಿಗೆ, ಒಂದು ಜಾಗ ಉಂಟು, ಮರದಿಂದ ಅದನ್ನ ಇಳಿಸುವ ಮೂರ್ತೆದಾರಿಕೆ ಮಾಡಿ ಮಕ್ಕಳನ್ನ ಓದಿಸಿದ ಮನೆಗಳುಂಟು, ದೈವಕ್ಕೆ ಇಟ್ಟದ್ದನ್ನ ಪ್ರಸಾದ ಅಂತ ತಗೊಳ್ಳುವವರಿದ್ದಾರೆ. ಅಂಥ ಕಡೆ ಕೈಯಲ್ಲಿ ಪೆನ್ನು ಹಿಡ್ಕೊಂಡು ಹೋಗಿ ಕುಡೀತೀರಾ ಅಂತ ಕೇಳಿದ್ರೆ ಅದು ಕಾಯಿಲೆಯ ಪ್ರಶ್ನೆಯಾಗಿ ಯಾರಿಗೂ ಕೇಳುದಿಲ್ಲ, ಮರ್ಯಾದೆಯ ಪ್ರಶ್ನೆಯಾಗಿ ಕೇಳ್ತದೆ. ಮರ್ಯಾದೆಯ ಪ್ರಶ್ನೆಗೆ ಯಾವ ಮನೆಯವರೂ ನಿಜ ಹೇಳುದಿಲ್ಲ.

ಇನ್ನೊಂದು ತಪ್ಪು ನಾನೇ ಮಾಡಿದ್ದು. ಹೆಸರು, ಮನೆ ನಂಬರ್ ಎಲ್ಲ ಬರ್ಕೊಂಡಿದ್ದೆ. ಮಾಮಿ ಒಂದಿನ ಆ ನೋಟ್‌ಬುಕ್ ತಿರುವಿ ನೋಡಿ, "ಇದು ಪೊಲೀಸರ ಕೈಗೆ ಸಿಕ್ಕಿದ್ರೆ? ಹುಡುಗಿಗೆ ಸಂಬಂಧ ನೋಡುವ ಮನೆಯವರ ಕೈಗೆ ಸಿಕ್ಕಿದ್ರೆ?" ಅಂದ್ರು. ಮೈ ಜುಂ ಅಂತು. ಗಾಂಜಾ ಸೇದುವ ಹುಡುಗರ ಹೆಸರೂ ಅದರಲ್ಲಿ ಎರಡ್ಮೂರಿತ್ತು, ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೇವನೆ ಮಾಡಿದ್ದೂ ಅಪರಾಧವೇ. ಅದೇ ಕಾಯ್ದೆಯ 64ಎ ಕಲಂ ಪ್ರಕಾರ ತಾನಾಗೇ ಚಿಕಿತ್ಸೆಗೆ ಬಂದ ವ್ಯಸನಿಗೆ ಸೇವನೆಯ ಕೇಸಿಂದ ರಕ್ಷಣೆ ಉಂಟು, ಆದ್ರೆ ಇದು ಆ ಹುಡುಗರಿಗೆ ಗೊತ್ತಿಲ್ಲ, ಅವರ ತಾಯಂದಿರಿಗೂ ಗೊತ್ತಿಲ್ಲ. ಆ ಪುಟಗಳನ್ನ ಅವತ್ತೇ ಹರಿದು ಬಚ್ಚಲ ಒಲೆಗೆ ಹಾಕಿದೆ. ಆಮೇಲೆ ಬರೆದದ್ದು ಬರೀ ಗುರುತು, ಹೆಸರಿನ ಒಂದಕ್ಷರ, ಹುಟ್ಟಿದ ವರ್ಷ, ಅಷ್ಟೇ.

ದಾರಿ ಸಿಕ್ಕಿದ್ದು ಬೀಡಿ ಬ್ರಾಂಚಲ್ಲಿ. ನಮ್ಮ ಕಡೆ ಗೊತ್ತುಂಟಲ್ಲ, ಮನೆಯಲ್ಲಿ ಬೀಡಿ ಕಟ್ಟಿದ ಹೆಂಗಸರು ಬ್ರಾಂಚಿಗೆ ಬಂದು ಲೆಕ್ಕ ಕೊಟ್ಟು, ಎಲೆ ಹೊಗೆಸೊಪ್ಪು ತಗೊಂಡು ಹೋಗುದು, ಆ ಸರತಿಯಲ್ಲಿ ನಿಂತಾಗ ಊರಿನ ಎಲ್ಲಾ ಸುದ್ದಿ ಬರ್ತದೆ. ಸಂಘದ ಅಕ್ಕ ಅಲ್ಲಿ ನಿಂತವರ ಹತ್ರ "ನಿಮ್ಮ ಮನೆಯಲ್ಲಿ" ಅನ್ನುವ ಮಾತೇ ತೆಗೀಲಿಲ್ಲ. "ನಿಮಗೆ ಗೊತ್ತಿರುವವರಲ್ಲಿ ಬೆಳಿಗ್ಗೆ ಕೈ ನಡುಗುವವರು ಎಷ್ಟು ಜನ ಇದ್ದಾರೆ" ಅಂತ ಕೇಳಿದ್ರು. ಅಷ್ಟೇ ಸಾಕಾಯ್ತು. ಒಬ್ಬೊಬ್ಬರು ಬೆರಳು ಮಡಚಿ ಲೆಕ್ಕ ಮಾಡ್ಲಿಕ್ಕೆ ಶುರುಮಾಡಿದ್ರು. ಆಮೇಲೆ ಇನ್ನೊಂದು ಪ್ರಶ್ನೆ, ಅದನ್ನ ಹೇಳಿಕೊಟ್ಟದ್ದು ಮಾಮಿ, "ಹೋದ ತಿಂಗಳು ಯಾರ ಮನೆಯ ಹೆಂಗಸು ಮಕ್ಕಳು ರಾತ್ರಿ ನಿಮ್ಮ ಮನೆಗೆ ಬಂದು ಮಲಗಿದ್ರು?" ಇದಕ್ಕೆ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಒಬ್ರು, ಇನ್ನೊಬ್ರು. ನಂಗೆ ಆಮೇಲೆ ಓದುವಾಗ ತಿಳೀತು, ಹೀಗೆ ಗೊತ್ತಿರುವವರ ಬಗ್ಗೆ ಕೇಳಿ ಅಂದಾಜು ಮಾಡುವ ಪದ್ಧತಿಯನ್ನ ತಜ್ಞರೂ ಬಳಸ್ತಾರೆ ಅಂತ, ಯಾಕಂದ್ರೆ ಜನ ತಮ್ಮ ಬಗ್ಗೆ ಮುಚ್ಚಿಟ್ಟದ್ದನ್ನ ನೆರೆಮನೆಯವರ ಬಗ್ಗೆ ಮುಚ್ಚಿಡುದಿಲ್ಲ.

ಬ್ರಾಂಚಲ್ಲೇ ಗೊತ್ತಾದ ಮತ್ತೊಂದು ವಿಷಯ, ಕುಡಿತ ಬಿಡಿಸುವ ಪುಡಿ. ಗಂಡನಿಗೆ ಗೊತ್ತಾಗದ ಹಾಗೆ ಸಾರಲ್ಲಿ ಹಾಕ್ಲಿಕ್ಕೆ. ಬೀಡಿ ಕಟ್ಟಿದ ದುಡ್ಡಲ್ಲಿ ತರಿಸಿದ್ದು. ಇಂಥ ಪುಡಿಯಲ್ಲಿ ಡೈಸಲ್ಫಿರಾಮ್ ಅನ್ನುವ ಮದ್ದು ಇದ್ರೆ, ಅದು ಗೊತ್ತಿಲ್ಲದೆ ಮೇಲಿಂದ ಕುಡಿದವನಿಗೆ ಬಿಪಿ ಇಳಿದು ಜೀವಕ್ಕೇ ಬರಬಹುದು. ಡಾಕ್ಟ್ರು ಆ ಮದ್ದು ಕೊಡುದು ರೋಗಿಗೆ ಎಲ್ಲಾ ಹೇಳಿ, ಅವನು ಒಪ್ಪಿದ ಮೇಲೆ ಮಾತ್ರ. ನನ್ನ ಮಟ್ಟಿಗೆ ಆ ಪುಡಿ ತರಿಸಿದ ಒಂದೊಂದು ಮನೆಯೂ ಚಿಕಿತ್ಸೆ ಬೇಕು ಅಂತ ಕೊಟ್ಟ ಒಂದೊಂದು ಅರ್ಜಿ. ತಗೊಂಡು ಹೋಗ್ಲಿಕ್ಕೆ ಹತ್ತಿರದಲ್ಲಿ ಸರಿಯಾದ ಜಾಗ ಇಲ್ಲದ್ದಕ್ಕೆ ಅರ್ಜಿ ಅಂಚೆಯಲ್ಲಿ ಪುಡಿಯಾಗಿ ಬಂದದ್ದು.

ಈಗ ಕೈಯಲ್ಲಿ ಎರಡು ಪಟ್ಟಿ ಆಯ್ತು, ಬ್ರಾಂಚಿಂದ ಒಂದು, ಐಸಿನ ಅಣ್ಣ ದಕ್ಕೆಯಲ್ಲಿ ಮಾಡಿದ್ದು ಒಂದು. ಎರಡನ್ನ ಸೇರಿಸಿ ಕಾಣದವರ ಲೆಕ್ಕ ತೆಗೆಯುವ ಒಂದು ಉಪಾಯ ಉಂಟು, ಮತ್ತೆ ಅದು ಹುಟ್ಟಿದ್ದೇ ಮೀನಿನ ಲೆಕ್ಕಕ್ಕೆ. ಡೆನ್ಮಾರ್ಕಿನ ಪೀಟರ್ಸನ್ ಅಂತ ಒಬ್ಬರು 1890ರ ದಶಕದಲ್ಲಿ ಮೀನಿಗೆ ಗುರುತು ಹಾಕಿ ವಾಪಸ್ ನೀರಿಗೆ ಬಿಟ್ಟು, ಮತ್ತೆ ಹಿಡಿದಾಗ ಗುರುತಿನವು ಎಷ್ಟು ಬಂದ್ವು ಅಂತ ನೋಡ್ತಿದ್ರಂತೆ. ಅಣ್ಣನಿಗೆ ನಾನು ಹೇಳಿದ್ದು ಹೀಗೆ: ಮೊದಲ ಬಲೆಗೆ 40 ಮೀನು ಬಿತ್ತು ಅಂತಿಟ್ಕೊಳ್ಳಿ, ಗುರುತು ಹಾಕಿ ಬಿಟ್ರಿ, ಎರಡನೇ ಬಲೆಗೆ 50 ಬಿತ್ತು, ಅದರಲ್ಲಿ 10ಕ್ಕೆ ಮಾತ್ರ ಗುರುತುಂಟು. ಅಂದ್ರೆ ಎರಡನೇ ಬಲೆಯಲ್ಲಿ ಐದರಲ್ಲಿ ಒಂದು ಗುರುತಿನದ್ದು, ಹಾಗಾದ್ರೆ ಕೆರೆಯಲ್ಲಿರುವ ಒಟ್ಟು ಮೀನು 40ರ ಐದು ಪಾಲು, 200. ಅಣ್ಣ ಕೂಡ್ಲೇ ಹೇಳಿದ್ರು, "ಎರಡೂ ಬಲೆ ಒಂದೇ ಜಾಗದಲ್ಲಿ ಬಿಟ್ರೆ ಅದೇ ಮೀನು ಮತ್ತೆ ಬರ್ತದಲ್ಲ ಟೀಚರ್, ಆಗ ಲೆಕ್ಕ ಕಮ್ಮಿ ತೋರಿಸ್ತದೆ." ಪುಸ್ತಕದಲ್ಲಿ ಎರಡು ಪುಟದಲ್ಲಿ ಬರೆದ ಎಚ್ಚರಿಕೆಯನ್ನ ಅವರು ಒಂದು ಮಾತಲ್ಲಿ ಹೇಳಿ ಮುಗಿಸಿದ್ರು. ನಮ್ಮ ಎರಡೂ ಪಟ್ಟಿಯಲ್ಲಿ ಊರಿಗೆಲ್ಲ ಗೊತ್ತಿರುವ ಕುಡುಕರೇ ಮತ್ತೆ ಮತ್ತೆ ಬಂದಿದ್ರು, ಯಾರಿಗೂ ಗೊತ್ತಿಲ್ಲದವರು ಎರಡೂ ಬಲೆಗೆ ಸಿಕ್ಕಿಲ್ಲ.

ಸಿಗದವರು ಯಾರು? ಒಂದು, ಬೋಟಿನ ಕಲಾಸಿಗಳು, ಅಂದ್ರೆ ಬೋಟಲ್ಲಿ ಕೆಲಸ ಮಾಡುವವರು. ಒಡಿಶಾ, ಜಾರ್ಖಂಡ್, ಆಂಧ್ರದಿಂದ ಬಂದವರು, ಆಳಸಮುದ್ರ ಬೋಟಲ್ಲಿ ಹತ್ತು ದಿನ ಹೋಗಿ ಬರುವವರು, ಬೋಟಲ್ಲೇ ಮಲಗುವವರು. ಅವರಿಗೆ ಮನೆ ಇಲ್ಲ, ಹಾಗಾಗಿ ಮನೆಮನೆ ಸರ್ವೇಯಲ್ಲಿ ಅವರಿಲ್ಲ. ಒಬ್ಬ ಹುಡುಗನಿಗೆ ದಡಕ್ಕೆ ಬಂದ ದಿನ ಫಿಟ್ಸ್ ಬಂತು, ಅಣ್ಣನೇ ರಿಕ್ಷಾ ಮಾಡಿ ಒಂದು ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಮೊದಲು ಕೇಳಿದ್ದು "ಜೊತೆಗೆ ಯಾರಿದ್ದಾರೆ?" ಅಂತ. ಜೊತೆಗೆ ನಿಲ್ಲುವ ಜನ ಇಲ್ಲದೆ ಅಡ್ಮಿಟ್ ಮಾಡುದಿಲ್ಲ ಅಂದ್ರು. ಅಣ್ಣ ಆ ರಾತ್ರಿ ಅವನ ಅಣ್ಣ ಅಂತ ಹೇಳಿ ಸೈನ್ ಹಾಕಿ ನಿಂತ್ರು, ಹುಡುಗನ ಭಾಷೆ ಇವರಿಗೆ ಬರುದಿಲ್ಲ, ಇವರದ್ದು ಅವನಿಗೆ ಬರುದಿಲ್ಲ. ನಮ್ಮ ಮನವಿಯಲ್ಲಿ ಆಮೇಲೆ ಒಂದು ಸಾಲು ಸೇರ್ತು, ಹಿಂದಿ, ಒಡಿಯಾ ಬರುವ ಒಬ್ಬರು, ಮತ್ತೆ ಯಾರೂ ಇಲ್ಲದವನ ಜೊತೆ ನಿಲ್ಲುವ ಒಬ್ಬರು. ಬೆಡ್ಡಿಗಿಂತ ಇದು ಮೊದಲು.

ಎರಡು, ಹೆಂಗಸರು. ದೇಶದ ಸರ್ವೇಯಲ್ಲಿ ಗಂಡಸರಲ್ಲಿ 27.3% ಕುಡಿಯುವವರಾದ್ರೆ ಹೆಂಗಸರಲ್ಲಿ 1.6%. ಸಣ್ಣ ಸಂಖ್ಯೆ ಅಂತ ಬಿಟ್ಟುಬಿಡ್ತಾರೆ, ಆದ್ರೆ ಶಿಬಿರ ಅಂದ್ರೆ ಒಂದು ಹಾಲಲ್ಲಿ ಐವತ್ತು ಅರವತ್ತು ಗಂಡಸರು ಸಾಲಾಗಿ ಚಾಪೆ ಹಾಕಿ ಮಲಗುದು, ಅಲ್ಲಿಗೆ ಒಬ್ಬಳು ಹೆಂಗಸು ಎಲ್ಲಿ ಬರುದು? ಬಂದವರಿಲ್ಲ ಅಂದ್ರೆ ಬೇಕಾದವರಿಲ್ಲ ಅಂತಲ್ಲ. ನಮ್ಮ ಆಶಾ ಕಾರ್ಯಕರ್ತೆಗೆ ಒಬ್ಬರು ಗೊತ್ತು, ನನಗೆ ಹೆಸರು ಹೇಳ್ಲಿಲ್ಲ, ನಾನು ಕೇಳ್ಲೂ ಇಲ್ಲ.

ಡ್ರಗ್ಸ್ ವಿಷಯವನ್ನ ಬಿಟ್ಟು ಹೋದ್ರೆ ಸರಿಯಾಗುದಿಲ್ಲ. ಮಾರ್ಚ್ 2025ರಲ್ಲಿ ಮಂಗಳೂರು ಪೊಲೀಸರು 37 ಕೆಜಿಗೂ ಹೆಚ್ಚು ಎಂಡಿಎಂಎ ಹಿಡಿದ್ರಲ್ಲ, 75 ಕೋಟಿಯದ್ದು ಅಂತ, ಆಗ ಎಲ್ಲರ ಬಾಯಲ್ಲೂ ಅದೇ. ನಮ್ಮ ಗುಂಪಲ್ಲೂ ಮನವಿಯನ್ನ ಡ್ರಗ್ಸ್ ಬಗ್ಗೆ ಮಾತ್ರ ಮಾಡುವ, ಆಗ ಬೇಗ ಮಂಜೂರಾಗ್ತದೆ ಅಂತ ಮಾತು ಬಂತು. ನಾನು ಒಪ್ಪಲಿಲ್ಲ. ಆ ಮಾಲು ಸಿಕ್ಕಿದ್ದು ಬೆಂಗಳೂರಲ್ಲಿ, ಹಿಡಿದದ್ದು ನಮ್ಮ ಪೊಲೀಸರು. ಎಷ್ಟು ಕೆಜಿ ಸಿಕ್ತು ಅನ್ನುದು ಸಾಗಾಟದ ಲೆಕ್ಕ ಮತ್ತೆ ಪೊಲೀಸರ ಶ್ರಮದ ಲೆಕ್ಕ, ನಮ್ಮ ಬೀದಿಯಲ್ಲಿ ಎಷ್ಟು ಮಕ್ಕಳಿಗೆ ಸಹಾಯ ಬೇಕು ಅನ್ನುವ ಲೆಕ್ಕ ಅದರಿಂದ ಬರುದಿಲ್ಲ. ಮತ್ತೆ ಎರಡಕ್ಕೂ ಬೇಕಾದದ್ದೇ ಬೇರೆ. ಎಂಡಿಎಂಎ, ಗಾಂಜಾದಲ್ಲಿ ಸಿಕ್ಕಿಬಿದ್ದ ಕಾಲೇಜು ಹುಡುಗನಿಗೆ ಬೇಕಾದದ್ದು ತಿಂಗಳುಗಟ್ಲೆ ಮಾತಾಡಿಸುವ ಕೌನ್ಸೆಲರ್, ಸಂಜೆ ಹೊತ್ತಿಗೆ, ಕಾಲೇಜಿಗೂ ಹಾಸ್ಟೆಲಿಗೂ ಸುದ್ದಿ ಹೋಗುದಿಲ್ಲ ಅನ್ನುವ ಧೈರ್ಯದ ಜೊತೆಗೆ. ಕುಡಿತ ಹಾಗಲ್ಲ. ವರ್ಷಗಟ್ಲೆ ದಿನಾ ಕುಡಿದವನು ಒಮ್ಮೆಲೇ ನಿಲ್ಲಿಸಿದ್ರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣ್ಲಿಕ್ಕೆ ಶುರುವಾಗಿ ಪ್ರಾಣವೇ ಹೋಗಬಹುದು. ಬಿಡಿಸುವ ಹುಮ್ಮಸ್ಸಲ್ಲಿ ರೂಮಲ್ಲಿ ಕೂಡಿಹಾಕುವವರು ಇದನ್ನ ಗೊತ್ತಿಟ್ಕೊಳ್ಳಬೇಕು.

ನಮಗೆ ಗೊತ್ತಾದದ್ದು ಮಾರ್ಚ್ 2020ರಲ್ಲಿ. ಲಾಕ್‌ಡೌನ್ ಆಯ್ತು, ವೈನ್ ಶಾಪ್ ಬಂದ್ ಆಯ್ತು, ಮತ್ತೆ ತೆರೆದದ್ದು ಮೇ 4ಕ್ಕೆ. ಮೊದಲ ವಾರದಲ್ಲೇ ಮದ್ಯ ಸಿಗದೆ ಜೀವ ತೆಗೊಂಡವರ ಸುದ್ದಿ ನಮ್ಮ ಕರಾವಳಿಯ ಪೇಪರಲ್ಲಿ ಒಂದರ ಮೇಲೊಂದು ಬಂತು. ಮಾವ ಎರಡನೇ ರಾತ್ರಿ ಗೋಡೆಯಲ್ಲಿ ಏಡಿ ಹತ್ತುತ್ತಿದೆ ಅಂತ ಕೈಯಿಂದ ಹೊಡೀಲಿಕ್ಕೆ ಶುರು ಮಾಡಿದ್ರು, ಮಾಮಿ ಲೈಟ್ ಹಾಕಿ ತೋರಿಸಿದ್ರೂ ಏಡಿ ಹೋಗ್ಲಿಲ್ಲ. ಬೆಳಿಗ್ಗೆ ಫಿಟ್ಸ್. ಆಂಬುಲೆನ್ಸ್ ಬರುವಾಗ ಮಾಮಿ ಅವರ ತಲೆಯನ್ನ ಮಡಿಲಲ್ಲಿ ಇಟ್ಕೊಂಡು ಬಾಯಿಯ ನೊರೆಯನ್ನ ಸೆರಗಲ್ಲಿ ಒರೆಸ್ತಾ ಇದ್ರು. ಐದು ದಿನ ಆಸ್ಪತ್ರೆ, ಡ್ರಿಪ್ಪು, ಬಿ1 ವಿಟಮಿನ್ ಇಂಜೆಕ್ಷನ್, ನಡುಕ ಇಳಿಸುವ ಮಾತ್ರೆ. ಬದುಕಿದ್ರು. ಡಿಸ್ಚಾರ್ಜ್ ಆಗುವಾಗ ಒಬ್ಬರು ಸಿಸ್ಟರ್ ಮಾಮಿಗೆ ಹೇಳಿದ್ರಂತೆ, ಇಷ್ಟು ವರ್ಷ ಯಾಕೆ ತರ್ಲಿಲ್ಲಕ್ಕ ಅಂತ. ಆ ಪ್ರಶ್ನೆ ಮಾಮಿಗೆ ಇವತ್ತಿಗೂ ನೋಯ್ತದೆ, ಯಾಕಂದ್ರೆ ಯಾವ ಆಸ್ಪತ್ರೆಗೆ ತರುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹಾಗಾಗಿ ಬರೀ ಬೆಡ್ ಲೆಕ್ಕದಲ್ಲಿ ಮನವಿ ಮಾಡುದು ಸರಿಯಲ್ಲ ಅಂತ ನಮಗೆ ಅನಿಸಿದ್ದು. ಕುಡಿತದ ತೊಂದರೆ ಎಷ್ಟುಂಟು ಅಂತ ಅಳೀಲಿಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅಂತ ಹತ್ತು ಪ್ರಶ್ನೆಯ ಒಂದು ಫಾರ್ಮ್ ಉಂಟು, ಒಟ್ಟು 40 ಅಂಕ. 8ರಿಂದ 15 ಬಂದವರಿಗೆ ಒಂದು ಸರಿಯಾದ ಬುದ್ಧಿಮಾತು, 16ರಿಂದ 19 ಬಂದವರಿಗೆ ಕೌನ್ಸೆಲಿಂಗ್, 20 ಮತ್ತೆ ಅದಕ್ಕಿಂತ ಮೇಲಿನವರನ್ನ ತಜ್ಞರ ಹತ್ರ ಕಳಿಸ್ಬೇಕು. ಅಂದ್ರೆ ಸಹಾಯ ಬೇಕಾದವರಲ್ಲಿ ತುಂಬ ಜನರಿಗೆ ಊರಿನ ಪಿಎಚ್‌ಸಿಯಲ್ಲೇ, ಬಿಪಿ ನೋಡುವ ಟೇಬಲ್ಲಲ್ಲೇ ಕೆಲಸ ಆಗ್ತದೆ, ಕೇಳುವವರು ಇದ್ರೆ. ಮಾವನ ಹನ್ನೆರಡು ವರ್ಷದಲ್ಲಿ ಮೊದಲಿನ ಎರಡು ಮೂರು ವರ್ಷ ಅವರೂ ಆ ಟೇಬಲ್ಲಿಗೇ ಬರುವಂಥವರು. ಬೆನ್ನು ನೋವು, ಗ್ಯಾಸ್ಟ್ರಿಕ್ ಅಂತ ಎಷ್ಟೋ ಸಲ ಹೋಗಿದ್ದಾರೆ, ಮಾತ್ರೆ ತಂದಿದ್ದಾರೆ, ಒಮ್ಮೆಯೂ ಯಾರೂ ಕೇಳ್ಲಿಲ್ಲ.

ಮನೆಗೆ ಬಂದ ಮೇಲಿನದ್ದು ಇನ್ನೊಂದು. ಲಾಕ್‌ಡೌನಿಗೆ ಮೊದಲೇ ಮಾವ ಒಮ್ಮೆ ಧರ್ಮಸ್ಥಳ ಯೋಜನೆಯವರ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಹೋಗಿದ್ರು. ಆ ಶಿಬಿರದ ಬಗ್ಗೆ ನಂಗೆ ತುಂಬ ಗೌರವ ಉಂಟು. ಊರಿನವರೇ ಅಡುಗೆ ಮಾಡಿ ಬಡಿಸುದು, ಕೊನೆಗೆ ಹೆಂಡತಿ ಮಕ್ಕಳನ್ನ ಎದುರಿಗೆ ಕೂರಿಸುದು, ಮಾವ ಅವತ್ತು ಮಾಮಿಯ ಕೈ ಹಿಡ್ಕೊಂಡು ಸಣ್ಣ ಮಗುವಿನ ಹಾಗೆ ಅತ್ತಿದ್ರು. ಹದಿನಾಲ್ಕು ತಿಂಗಳು ಮುಟ್ಲಿಲ್ಲ. ಬಿಟ್ಟವರು ಸೇರುವ ನವಜೀವನ ಸಮಿತಿಗೆ ಹೋಗ್ತಾ ಇದ್ದಷ್ಟು ದಿನ ಸರಿ ಇತ್ತು, ಆಗಸ್ಟಲ್ಲಿ ಬೋಟು ಇಳಿದ ಮೇಲೆ ಸಭೆಯ ದಿನಕ್ಕೆ ಮಾವ ಸಮುದ್ರದಲ್ಲಿ. ಮೂರು ಸಭೆ ತಪ್ಪಿತು, ನಾಲ್ಕನೆಯದಕ್ಕೆ ಹೋಗ್ಲಿಕ್ಕೆ ನಾಚಿಕೆ. ಮನೋಚೈತನ್ಯ ಅಂತ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಸರ್ಕಾರದ ವ್ಯವಸ್ಥೆ ಉಂಟು, ಒಳ್ಳೆಯದೇ, ಆದ್ರೆ ಬೋಟು ಮಂಗಳವಾರ ನೋಡಿ ದಡಕ್ಕೆ ಬರುದಿಲ್ಲ. ಈಗ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416, ನಶಾಮುಕ್ತಿಯ ಸಹಾಯವಾಣಿ 14446 ಎರಡು ನಂಬರನ್ನೂ ಅಣ್ಣ ಐಸ್ ಪ್ಲಾಂಟಿನ ಗೋಡೆಯಲ್ಲಿ ಪೈಂಟಲ್ಲಿ ಬರೆಸಿದ್ದಾರೆ. ಯಾರೋ ಅದರ ಮೇಲೆ ಸಿನೆಮಾ ಪೋಸ್ಟರ್ ಹಚ್ಚಿದ್ರು, ಅಣ್ಣ ಉಗುರಲ್ಲಿ ಕೆರೆದು ತೆಗೆದ್ರು.

ಮಾವ ಈಗ ಮಾತ್ರೆಯಲ್ಲಿದ್ದಾರೆ. ಎರಡು ಸಲ ಜಾರಿದ್ದಾರೆ, ಎರಡೂ ಸಲ ಮಾರನೇ ದಿನವೇ ಮಾಮಿಗೆ ಹೇಳಿದ್ದಾರೆ, ಮಾಮಿ ಬೈಲಿಲ್ಲ, ಕರ್ಕೊಂಡು ಹೋಗಿ ಡಾಕ್ಟ್ರಿಗೆ ತೋರಿಸಿದ್ದಾರೆ.

ಮನವಿಯನ್ನ ಹೊಸದಾಗಿ ಬರೆದ್ವಿ. ಪಿಎಚ್‌ಸಿಯಲ್ಲಿ ಆ ಹತ್ತು ಪ್ರಶ್ನೆ, ವಾರಕ್ಕೆ ಎರಡು ಸಂಜೆ ಕೌನ್ಸೆಲರ್, ಹೆಂಗಸರಿಗೆ ಬೇರೆ ಬಾಗಿಲು, ದಕ್ಕೆಯವರಿಗೆ ಜೊತೆ ನಿಲ್ಲುವ ಜನ, ಮತ್ತೆ ಶಿಬಿರ ಮಾಡುದಾದ್ರೆ ಜೂನ್ 1ರಿಂದ ಜುಲೈ 31ರ ಒಳಗೆ, ಮೀನುಗಾರಿಕೆ ಬಂದ್ ಇರುವ 61 ದಿನದಲ್ಲಿ. ಆಗ ದುಡ್ಡಿರುದಿಲ್ಲ, ಆದ್ರೆ ಗಂಡಸರು ದಡದಲ್ಲಿರ್ತಾರೆ. ಅಧ್ಯಕ್ಷರು ಈ ಸಲ ಎರಡು ಸಲ ಓದಿದ್ರು, ಮುಂದಿನ ಸಾಮಾನ್ಯ ಸಭೆಗೆ ಇಡ್ತೇನೆ ಅಂದಿದ್ದಾರೆ. ಶಾಲೆಯ ಹಾಲ್ ಕೇಳ್ಲಿಕ್ಕೆ ನಾನು ಸೋಮವಾರ ಹೋಗ್ತೇನೆ, ಬ್ರಾಂಚಿನ ಅಕ್ಕಂದಿರು ಅಡುಗೆ ಅವರದ್ದು ಅಂತ ಒಪ್ಪಿದ್ದಾರೆ, ಒಡಿಯಾ ಬರುವವರೊಬ್ಬರು ಸಿಕ್ಕಿದ್ರೆ ಸಾಕು ಅಂತ ಅಣ್ಣ ದಕ್ಕೆಯಲ್ಲಿ ಹುಡುಕ್ತಾ ಇದ್ದಾರೆ.